ಎಚ್‌ಎಸ್‌ಐ ಕಡ್ಡಿ ಎಡಕ್ಕೇ ಜಾರುತ್ತೆ, ಗಾಳಿ ಮಾತ್ರ ಇಲ್ಲ. ಯಾಕೆ?

ಡೊಂಬಿವಲಿ_ಹುಡುಗ (ರಾತ್ರಿ 9:12)

ಎಲ್ಲರಿಗೂ ನಮಸ್ಕಾರ. ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಟ್ರೈನಿಂಗ್‌ನಲ್ಲಿದ್ದೇನೆ, 140 ಗಂಟೆ ಆಗಿದೆ. ನಾಲ್ಕು ದಿನ ರಜೆ ಸಿಕ್ಕಿತು ಅಂತ ಮನೆಗೆ ಬಂದೆ. ಅಮ್ಮ ನೀರ್ ದೋಸೆ ಹಾಕುತ್ತಿದ್ದಾರೆ, ನನ್ನ ತಲೆ ಮಾತ್ರ ಇನ್ನೂ ಕಾಕ್‌ಪಿಟ್‌ನಲ್ಲೇ ಇದೆ.

ಮೊನ್ನೆ ಸೆಸ್ನಾ 172ರಲ್ಲಿ ಹೋಗಿದ್ವಿ. ಹಳೇ ಮೆಕ್ಯಾನಿಕಲ್ ಎಚ್‌ಎಸ್‌ಐ (ದಿಕ್ಕು, ದಾರಿ ಎರಡನ್ನೂ ತೋರಿಸೋ ಡಬ್ಬಿ) ಇರೋ ವಿಮಾನ. 3,500 ಅಡಿಯಲ್ಲಿದ್ವಿ. 045 ಕೋರ್ಸ್ ಹಿಡಿದು ವಿಓಆರ್ (ದಾರಿ ತೋರಿಸೋ ರೇಡಿಯೋ ಸ್ಟೇಷನ್) ಕಡೆಗೆ ಹೋಗು ಅಂದರು ಸರ್. ಫ್ರೀಕ್ವೆನ್ಸಿ ಹಾಕಿದೆ, ಮೋರ್ಸ್ ಕೇಳಿ ಸ್ಟೇಷನ್ ಅದೇ ಅಂತ ಖಾತ್ರಿ ಮಾಡಿಕೊಂಡೆ, ಕೋರ್ಸ್ ಬಾಣ 045ಕ್ಕೆ ಇಟ್ಟೆ. "ಟು", ಅಂದ್ರೆ ಸ್ಟೇಷನ್ ಕಡೆಗೆ, ಅಂತ ತೋರಿಸಿತು. ಕಡ್ಡಿ ನಟ್ಟನಡುವೆ. ಹೆಡಿಂಗ್ 045 ಹಿಡಿದೆ.

ಎರಡು ನಿಮಿಷ ಆಗುವಷ್ಟರಲ್ಲಿ ಕಡ್ಡಿ ಎಡಕ್ಕೆ ಒಂದು ಚುಕ್ಕೆ ಜಾರಿತು. 10 ಡಿಗ್ರಿ ಎಡಕ್ಕೆ ತಿರುಗಿದೆ. ಆದ್ರೂ ಜಾರುತ್ತಲೇ ಇತ್ತು, ಸ್ವಲ್ಪ ನಿಧಾನವಾಗಿ. ಇನ್ನೂ 10 ತಿರುಗಿದೆ. ಹೆಚ್ಚುಕಮ್ಮಿ ಅಲ್ಲೇ ನಿಂತಿತು, ವಾಪಸ್ ಬರಲಿಲ್ಲ. "ಎಡಗಡೆಯಿಂದ ಗಾಳಿ ಇದೆ ಸರ್" ಅಂದೆ. "ಎಷ್ಟು ನಾಟ್?" ಅಂದರು. ನನ್ನ ಹತ್ರ ಉತ್ತರ ಇರಲಿಲ್ಲ. ಕಂಟ್ರೋಲ್ ತಗೊಂಡು ವಾಪಸ್ ತಂದುಬಿಟ್ಟರು. ಕೆಳಗೆ ಬಂದ ಮೇಲೆ ಒಂದೇ ಮಾತು: "ಕಡ್ಡಿ ಸರಿಯಾಗೇ ಇತ್ತು. ನೀನು ನೋಡಬೇಕಾದ್ದನ್ನ ನೋಡಲಿಲ್ಲ. ಹುಡುಕಿಕೊಂಡು ಬಾ."

ಮೂರು ದಿನದಿಂದ ಹುಡುಕುತ್ತಿದ್ದೇನೆ. ಏನು ತಪ್ಪಿದೆ?

ವಾಸ್ಕೋ_ಸಿಮ್ (9:20)

ಗಾಳಿನೇ. ಮಧ್ಯಾಹ್ನದ ಮೇಲೆ ಕಡಲ ಗಾಳಿ ವಾಯವ್ಯದಿಂದ ಬೀಸುತ್ತೆ. 045ಕ್ಕೆ ಅದು ಸರಿಯಾಗಿ ಎಡಗಡೆಯಿಂದ. ಸಿಮ್‌ನಲ್ಲಿ (ಫ್ಲೈಟ್ ಸಿಮ್ಯುಲೇಟರ್) ನನಗೆ ದಿನಾ ಆಗುತ್ತೆ. ಇನ್ನೂ 10 ಡಿಗ್ರಿ ತಿರುಗಬೇಕಿತ್ತು, ಅಷ್ಟೇ.

ಕಲೀನಾ_ಸ್ಪ್ಯಾನರ್ (9:26)

ಮಾರಾಯಾ, ಸಿಮ್‌ನಲ್ಲಿ ಗಾಳಿ ಹಾಕಿದವನೂ ನೀನೇ, ಹುಡುಕಿದವನೂ ನೀನೇ. ಸ್ವಲ್ಪ ಲೆಕ್ಕ ಮಾಡು. 172 ಸುಮಾರು 100 ನಾಟ್‌ನಲ್ಲಿ ಹೋಗುತ್ತೆ ಅಂತ ಇಟ್ಟುಕೋ. ಬರೀ ದಾರಿ ತಪ್ಪದೆ ಇರೋಕೇ 20 ಡಿಗ್ರಿ ಮೂತಿ ತಿರುಗಿಸಬೇಕು ಅಂದ್ರೆ ಅಡ್ಡಗಾಳಿ 34 ನಾಟ್ ಇರಬೇಕು. ಗಂಟೆಗೆ 63 ಕಿಲೋಮೀಟರ್. ಅಂಥ ಗಾಳಿಯಲ್ಲಿ ಯಾವ ಇನ್‌ಸ್ಟ್ರಕ್ಟರ್ ಈ ಹುಡುಗನನ್ನ ಕರಕೊಂಡು ಹೋಗ್ತಾನೆ?

ತಮ್ಮಾ, ಅವತ್ತು ಗಾಳಿ ಎಷ್ಟು ಅಂತ ಕೊಟ್ಟಿದ್ದರು?

ಡೊಂಬಿವಲಿ_ಹುಡುಗ (9:29)

ಕೆಳಗೆ 6 ನಾಟ್. ಮೇಲೆ 10 ಅಂತ ಬ್ರೀಫಿಂಗ್‌ನಲ್ಲಿ ಬರೆದುಕೊಂಡಿದ್ದೆ.

ಕಲೀನಾ_ಸ್ಪ್ಯಾನರ್ (9:30)

ಮತ್ತೆ? ಗಾಳಿ ಅಲ್ಲ.

ವಾಸ್ಕೋ_ಸಿಮ್ (9:33)

ಹಾಗಾದ್ರೆ ರಿಸೀವರ್ ಕೆಟ್ಟಿದೆ. ಅಥವಾ ರಿವರ್ಸ್ ಸೆನ್ಸಿಂಗ್, ಅಂದ್ರೆ ಕಡ್ಡಿ ಉಲ್ಟಾ ಬದಿ ತೋರಿಸೋದು.. ಅದೂ ಅಲ್ಲ, ಎಚ್‌ಎಸ್‌ಐನಲ್ಲಿ ರಿವರ್ಸ್ ಸೆನ್ಸಿಂಗ್ ಅನ್ನೋದೇ ಇಲ್ಲ. ಅದಕ್ಕೇ ಅಲ್ವಾ ಅದನ್ನ ಕಂಡುಹಿಡಿದಿದ್ದು.

ಧಾರವಾಡದಾಕಿ_ಪುಣೆ (9:41)

"ರಿವರ್ಸ್ ಸೆನ್ಸಿಂಗ್ ಅನ್ನೋದೇ ಇಲ್ಲ" ಅನ್ನೋ ಮಾತು ಅರ್ಧ ಸರಿ. ಬಾಕಿ ಅರ್ಧ ಡೇಂಜರ್. ಅದಕ್ಕೆ ಆಮೇಲೆ ಬರ್ತೀನಿ, ಈಗ ಕುಕ್ಕರ್ ಇಟ್ಟಿದೀನಿ.

ಮಾಟುಂಗಾ_ಫಿಲ್ಟರ್ (9:44)

ಕ್ಷಮಿಸಿ, ವಿಮಾನದ ವಿಷಯದಲ್ಲಿ ನನ್ನ ಜ್ಞಾನ ಕಿಟಕಿ ಸೀಟಿನ ತನಕ ಮಾತ್ರ. ಈ ಎಚ್‌ಎಸ್‌ಐ ಅಂದ್ರೆ ಏನು? ಕಡ್ಡಿ, ಚುಕ್ಕೆ, ಬಾಣ ಅಂತೆಲ್ಲ ಓದಿ ನಮ್ಮ ಅತ್ತೆ ರಂಗೋಲಿ ಹಾಕೋದು ನೆನಪಾಯ್ತು.

ಧಾರವಾಡದಾಕಿ_ಪುಣೆ (10:02)

ಫಿಲ್ಟರ್ ಅವರೇ, ರಂಗೋಲಿ ಅಂದಿದ್ದು ಅಷ್ಟೇನೂ ತಪ್ಪಲ್ಲ.

ಒಂದು ದುಂಡು ಡಬ್ಬಿ ಅಂದುಕೊಳ್ಳಿ. ನಡುವೆ ಪುಟ್ಟ ವಿಮಾನದ ಗುರುತು. ಅದು ಅಲ್ಲಾಡೋದಿಲ್ಲ, ಅದು ನೀವು. ಸುತ್ತ 360 ಡಿಗ್ರಿ ಬರೆದ ತಟ್ಟೆ. ನೀವು ತಿರುಗಿದ ಹಾಗೆ ಅದು ತಿರುಗುತ್ತೆ, ಮೇಲ್ಗಡೆಯ ಗೆರೆಗೆ ಯಾವ ಅಂಕಿ ಬಂತೋ ಅದು ನಿಮ್ಮ ಮೂತಿಯ ದಿಕ್ಕು. ತಟ್ಟೆ ಮೇಲೆ ಒಂದು ಬಾಣ. ಹೋಗಬೇಕಾದ ದಾರಿಯ ದಿಕ್ಕಿಗೆ ಅದನ್ನ ನಾಬ್‌ನಿಂದ ತಿರುಗಿಸಿ ಇಡ್ತೀವಿ. ಆ ಬಾಣದ ನಡುಭಾಗ ಕತ್ತರಿಸಿ ಬಿಟ್ಟ ಹಾಗೆ ಇರುತ್ತೆ. ಆ ತುಂಡೇ ಎಡಕ್ಕೆ ಬಲಕ್ಕೆ ಸರಿಯೋ ಕಡ್ಡಿ, ಅಂದ್ರೆ ನಿಮ್ಮ ದಾರಿ. ತುಂಡು ಎಡಕ್ಕಿದ್ರೆ ದಾರಿ ನಿಮ್ಮ ಎಡಕ್ಕಿದೆ. ಒಟ್ಟಿನಲ್ಲಿ ಮೇಲಿಂದ ನೋಡಿದ ನಕ್ಷೆ.

ಇದಕ್ಕಿಂತ ಮುಂಚೆ ಎರಡು ಬೇರೆ ಬೇರೆ ಡಬ್ಬಿ ಇರುತ್ತಿದ್ದವು. ಒಂದರಲ್ಲಿ ದಿಕ್ಕು, ಇನ್ನೊಂದರಲ್ಲಿ ಕಡ್ಡಿ. ಎರಡನ್ನೂ ತಲೆಯಲ್ಲೇ ಜೋಡಿಸಿಕೊಳ್ಳಬೇಕು. ಮೋಡದೊಳಗೆ, ರೇಡಿಯೋದಲ್ಲಿ ಯಾರೋ ಕರೀತಿರುವಾಗ, ಬೆವರು ಸುರಿಸಿಕೊಂಡು.

ಈಗ ಆ ಡೇಂಜರ್ ಅರ್ಧಕ್ಕೆ ಬರ್ತೀನಿ. ವಿಓಆರ್ ಆದ್ರೆ ಬಾಣ ಉಲ್ಟಾ ಇಟ್ಟರೂ, ಅಂದ್ರೆ 045 ಬದಲು 225 ಇಟ್ಟರೂ, ಎಚ್‌ಎಸ್‌ಐ ಕಡ್ಡಿ ಸರಿಯಾದ ಬದಿಯಲ್ಲೇ ಕಾಣುತ್ತೆ. ಬಾಣ ಕೆಳಮುಖ ಆಗುತ್ತೆ, ಕಡ್ಡಿ ಅದರ ಜೊತೆಗೇ ತಿರುಗುತ್ತೆ. ಆದರೆ ಐಎಲ್‌ಎಸ್‌ನ (ಇಳಿಯುವಾಗ ರನ್‌ವೇಗೆ ದಾರಿ ತೋರಿಸೋ ರೇಡಿಯೋ ವ್ಯವಸ್ಥೆ) ಲೋಕಲೈಸರ್‌ಗೆ, ಅಂದ್ರೆ ಅದರ ಎಡ ಬಲ ಹೇಳೋ ಸಿಗ್ನಲ್‌ಗೆ, ನೀವು ಇಟ್ಟ ಬಾಣ ಗೊತ್ತೇ ಆಗಲ್ಲ. "ಎಡಕ್ಕೆ ಹೋಗು, ಬಲಕ್ಕೆ ಹೋಗು" ಅಷ್ಟೇ ಅದರ ಭಾಷೆ. ಸಾಂತಾಕ್ರೂಜ್‌ನ, ಅಂದ್ರೆ ಮುಂಬೈ ಏರ್‌ಪೋರ್ಟ್‌ನ, 27ನೇ (270 ದಿಕ್ಕಿನ) ರನ್‌ವೇಗೆ ಬರುವಾಗ ಬಾಣವನ್ನ ಮರೆತು 090ರಲ್ಲೇ ಬಿಟ್ಟರೆ ಕಡ್ಡಿ ಪೂರ್ತಿ ಉಲ್ಟಾ. ರನ್‌ವೇ ಬಲಕ್ಕಿದ್ರೆ ಎಡಕ್ಕೆ ತೋರಿಸುತ್ತೆ. ಬ್ಯಾಕ್ ಕೋರ್ಸ್ (ಅದೇ ಸಿಗ್ನಲ್ ಹಿಡಿದು ಎದುರು ದಿಕ್ಕಿನಿಂದ ಬರೋದು) ಹಾರಿಸುವಾಗಲೂ ಬಾಣ ಇಡೋದು ಫ್ರಂಟ್ ಕೋರ್ಸ್‌ಗೇ, ಇದೇ ಕಾರಣಕ್ಕೆ.

ವಾಸ್ಕೋ_ಸಿಮ್ (10:05)

ಸರಿ ಅಕ್ಕಾ, ಒಪ್ಪಿದೆ. ಆದ್ರೂ ಹುಡುಗನ ಪ್ರಶ್ನೆಗೆ ಉತ್ತರ ಇದಲ್ಲ.

ಪೊವಾಯ್_ತರಂಗ (10:14)

ರಿಸೀವರ್ ಕೆಟ್ಟಿದೆ ಅಂದವರಿಗೆ ಒಂದು ಮಾತು. ವಿಓಆರ್ ಕಡ್ಡಿಗೆ ನಿಮ್ಮ ಮೂತಿ ಯಾವ ಕಡೆಗಿದೆ ಅಂತ ಬೇಕಾಗೇ ಇಲ್ಲ.

ನಮ್ಮ ಕಡೆ ಶನಿಪೂಜೆ ಭಜನೆ ನೆನಪಿಸಿಕೊಳ್ಳಿ. ಇಬ್ಬರು ತಾಳ ಹಾಕುತ್ತಿದ್ದಾರೆ, ಒಂದೇ ಲಯ. ಸ್ಟೇಷನ್‌ನ ಉತ್ತರಕ್ಕೆ ನಿಂತವನಿಗೆ ಎರಡೂ ಪೆಟ್ಟು ಒಟ್ಟಿಗೆ ಕೇಳುತ್ತೆ. ಪೂರ್ವಕ್ಕೆ ನಿಂತವನಿಗೆ ಎರಡನೇ ಪೆಟ್ಟು ಕಾಲು ಭಾಗ ತಡ. ದಕ್ಷಿಣದವನಿಗೆ ಅರ್ಧ ತಡ. ಎಷ್ಟು ತಡವಾಯ್ತು ಅಂತ ಅಳೆದರೆ ನೀವು ಯಾವ ದಿಕ್ಕಿನಲ್ಲಿದ್ದೀರಿ ಅಂತ ಗೊತ್ತಾಯ್ತು. ವಿಓಆರ್ ಮಾಡೋದೂ ಇದನ್ನೇ, ಸೆಕೆಂಡಿಗೆ 30 ಸಲ. ಎರಡು 30 ಹರ್ಟ್ಸ್ ಸಿಗ್ನಲ್, ನಡುವಿನ ಫೇಸ್ ವ್ಯತ್ಯಾಸವೇ ರೇಡಿಯಲ್. ಕಳಿಸೋದು 108ರಿಂದ 117.95 ಮೆಗಾಹರ್ಟ್ಸ್ ಒಳಗೆ.

ಆದ್ದರಿಂದ ಕಡ್ಡಿ ಹೇಳಿದ್ದು "ನೀನು ದಾರಿಯಿಂದ ಬಲಕ್ಕೆ ಹೋಗಿದ್ದೀಯ" ಅಂತ. ಅದು ನಿಜ. ಹುಡುಗ ನಿಜವಾಗ್ಲೂ ಬಲಕ್ಕೆ ಹೋಗುತ್ತಿದ್ದ. 045ಕ್ಕೆ ಹೋಗುತ್ತಿದ್ದೇನೆ ಅಂದುಕೊಂಡಿದ್ದ, ಅಷ್ಟೇ. ಯೋಚನೆ ಮಾಡಿ.

ಲೋಹಗಾಂವ್_ಅಜ್ಜ (10:31)

ಪೊವಾಯ್‌ನವರು ಹತ್ರ ಬಂದರು. ನಾನು 22 ವರ್ಷ ವಾಯುಪಡೆಯಲ್ಲಿ ಇನ್‌ಸ್ಟ್ರುಮೆಂಟ್ ಫಿಟ್ಟರ್ ಆಗಿದ್ದವನು. ಇಂಥ ಡಬ್ಬಿಗಳನ್ನ ಮಡಿಲಲ್ಲಿ ಇಟ್ಟುಕೊಂಡು ಬಿಚ್ಚಿದ್ದೇನೆ.

ಮಗಾ, ಕಡ್ಡಿ ಸುಳ್ಳು ಹೇಳಿಲ್ಲ. ಸುಳ್ಳು ಹೇಳಿದ್ದು ತಟ್ಟೆ.

ಮೂರು ಪ್ರಶ್ನೆ. ಟೇಕಾಫ್ ಆಗಿ ಆಗ ಎಷ್ಟು ಹೊತ್ತಾಗಿತ್ತು? ಅದಕ್ಕೆ ಮುಂಚೆ ಏನು ಪ್ರಾಕ್ಟೀಸ್ ಮಾಡಿದ್ರಿ? ತಟ್ಟೆಯನ್ನ ಮೇಲಿನ ನೀರು ಕಂಪಾಸ್ ಜೊತೆ ಕೊನೇ ಸಲ ಹೋಲಿಸಿ ನೋಡಿದ್ದು ಯಾವಾಗ?

ಡೊಂಬಿವಲಿ_ಹುಡುಗ (10:38)

ಅಜ್ಜಾ, 1 ಗಂಟೆ 40 ನಿಮಿಷ ಆಗಿತ್ತು. ಮೊದಲ ಗಂಟೆ ಪೂರ್ತಿ ಸ್ಟೀಪ್ ಟರ್ನ್, ಸ್ಟಾಲ್. ಕಂಪಾಸ್ ನೋಡಿದ್ದು.. ಟೇಕಾಫ್‌ಗೆ ಮುಂಚೆ. ಆಮೇಲೆ ನೋಡಲಿಲ್ಲ. ಅದು ಸ್ಲೇವ್ಡ್ ಸಿಸ್ಟಮ್ ಅಲ್ವಾ, ಭೂಮಿಯ ಕಾಂತ ನೋಡಿ ತಾನೇ ಸರಿಮಾಡಿಕೊಳ್ಳುತ್ತೆ ಅಂತ ಹೇಳಿಕೊಟ್ಟಿದ್ದರು.

ಕಲೀನಾ_ಸ್ಪ್ಯಾನರ್ (10:43)

ಸ್ಲೇವ್‌ನಲ್ಲಿ ಇದ್ದರೆ ಸರಿಮಾಡಿಕೊಳ್ಳುತ್ತೆ ಮಾರಾಯಾ. ಇತ್ತಾ?

ನಿನ್ನ ವಿಮಾನದಲ್ಲಿ ಇರೋದು ಬಹುಶಃ ಕೆಸಿಎಸ್ 55ಎ ಅನ್ನೋ ಎಚ್‌ಎಸ್‌ಐ ಸೆಟ್. ಹಳೇ 172ಗಳಲ್ಲಿ ಜಾಸ್ತಿ ಅದೇ. ಪ್ಯಾನೆಲ್‌ನಲ್ಲಿ ಕಾಣೋದು ಎಚ್‌ಎಸ್‌ಐ ಮುಖ ಮಾತ್ರ. ತಟ್ಟೆಗೆ ದಿಕ್ಕು ಹೇಳೋ ಜೈರೋ (ಜೋರಾಗಿ ಸುತ್ತೋ ಚಕ್ರ) ಬೇರೆ ಎಲ್ಲೋ ಕೂತಿರುತ್ತೆ. ಭೂಮಿಯ ಕಾಂತ ಹಿಡಿಯೋ ಫ್ಲಕ್ಸ್ ವಾಲ್ವ್ ರೆಕ್ಕೆಯೊಳಗೆ, ಇಂಜಿನ್ನು ವೈರುಗಳಿಂದ ದೂರ. ನಾಲ್ಕನೇದು ಬೆರಳಗಲದ ಒಂದು ಮೀಟರ್, ಅದರ ಪಕ್ಕ ಸ್ವಿಚ್: ಸ್ಲೇವ್ ಅಂದ್ರೆ ಕಾಂತ ನೋಡಿ ತಿದ್ದಿಕೊಳ್ಳೋದು, ಫ್ರೀ ಅಂದ್ರೆ ಜೈರೋ ಒಂದೇ. ಸ್ಲೇವ್‌ನಲ್ಲಿದ್ರೆ ಆ ಮೀಟರ್‌ನ ಮುಳ್ಳು ಸುಮ್ನೆ ಇರಲ್ಲ, ನಡುವಿನ ಆಚೆ ಈಚೆ ತೂಗುತ್ತಾ ಇರುತ್ತೆ. ಮುಳ್ಳು ಒಂದು ಕಡೆ ವಾಲಿ ಅಲ್ಲೇ ಅಂಟಿಕೊಂಡಿದ್ರೆ ತಟ್ಟೆಗೂ ಕಾಂತಕ್ಕೂ ಸಂಬಂಧ ಕಡಿದಿದೆ ಅಂತ.

ಇನ್ನೊಂದು. ಫ್ರೀನಲ್ಲಿ ಇಟ್ಟರೂ ಕೆಂಪು ಎಚ್‌ಡಿಜಿ ಫ್ಲ್ಯಾಗ್ (ಹೆಡಿಂಗ್ ನಂಬಬೇಡ ಅನ್ನೋ ಗುರುತು) ಬರೋದಿಲ್ಲ. ಜೈರೋಗೆ ಕರೆಂಟ್ ಇದೆ, ತಿರುಗುತ್ತಿದೆ, ಅದರ ಪ್ರಕಾರ ಎಲ್ಲ ಚೆನ್ನಾಗಿದೆ.

ಡೊಂಬಿವಲಿ_ಹುಡುಗ (10:49)

ಅಯ್ಯೋ.

ಆ ಮೀಟರ್ ಎಡಗಡೆ ಕೆಳಗಿದೆ. ನನ್ನ ಮಂಡಿಗೆ ಕಟ್ಟಿಕೊಳ್ಳೋ ನೀಬೋರ್ಡ್ ಅಲ್ಲೇ ತಾಗುತ್ತೆ. ವಾಪಸ್ ಬರುವಾಗ ಸರ್ ನನ್ನ ಮುಂದೆ ಕೈ ಚಾಚಿ ಏನೋ ಒತ್ತಿದ್ದರು. ಲೈಟ್ ಅಂದುಕೊಂಡಿದ್ದೆ.

ಲೋಹಗಾಂವ್_ಅಜ್ಜ (11:05)

ಅಲ್ಲಿಗೆ ಕೇಸು ಅರ್ಧ ಮುಗೀತು. ಬಾಕಿ ಅರ್ಧಕ್ಕೆ ಲೆಕ್ಕ.

ಜೈರೋ ಆಕಾಶದಲ್ಲಿ ಒಂದು ದಿಕ್ಕು ಹಿಡಿದು ಕೂರುತ್ತೆ. ಅದರ ಕೆಳಗೆ ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತೆ. ಧ್ರುವದಲ್ಲಾದರೆ ಪೂರ್ತಿ 15 ಕಾಣುತ್ತೆ, ಭೂಮಧ್ಯರೇಖೆಯಲ್ಲಿ ಸೊನ್ನೆ. ನಮ್ಮ ಮುಂಬೈ 19 ಡಿಗ್ರಿ ಅಕ್ಷಾಂಶ. 15ನ್ನ ಸೈನ್ 19ರಿಂದ ಗುಣಿಸಿದರೆ ಗಂಟೆಗೆ ಹತ್ರ ಹತ್ರ 5 ಡಿಗ್ರಿ. 1 ಗಂಟೆ 40 ನಿಮಿಷಕ್ಕೆ 8. ನಮ್ಮ ಉತ್ತರ ಗೋಳಾರ್ಧದಲ್ಲಿ ತಟ್ಟೆ ಯಾವಾಗಲೂ ಕಮ್ಮಿ ಓದುತ್ತಾ ಹೋಗುತ್ತೆ. ನಿಜವಾದ ಹೆಡಿಂಗ್ 053 ಇದ್ದರೆ ತಟ್ಟೆ 045 ಅನ್ನುತ್ತೆ. ನೀನು ಬಲಕ್ಕೆ ಹೋಗಿದ್ದಕ್ಕೂ ಇದಕ್ಕೂ ತಾಳೆ ಆಯ್ತು ನೋಡು.

ಆದರೆ ನಿನ್ನ ತಪ್ಪು 20. ಇನ್ನೂ 12 ಎಲ್ಲಿಂದ ಬಂತು? ಬೇರಿಂಗ್ ಸವೆತದಿಂದ. ಜೊತೆಗೆ ಒಂದು ಗಂಟೆ ಸ್ಟೀಪ್ ಟರ್ನ್ ಹೊಡೆದಿದ್ದೀರಿ. ಒಳ್ಳೇ ಜೈರೋ ಇಷ್ಟು ಜಾರಲ್ಲ. ಸ್ನ್ಯಾಗ್ ಬುಕ್‌ನಲ್ಲಿ (ವಿಮಾನದ ದೋಷ ಬರೆಯೋ ಪುಸ್ತಕ) ಬರೀಲೇಬೇಕು. "ಸ್ವಿಚ್ ನನ್ನ ಮಂಡಿ ತಾಗಿ ಸರಿದಿತ್ತು" ಅಂತ ನಾಚಿಕೆಯಿಂದ ಬಿಟ್ಟುಬಿಡಬೇಡ. ನಾಳೆ ಅದೇ ವಿಮಾನ ಬೇರೆ ಹುಡುಗಿಗೋ ಹುಡುಗನಿಗೋ ಹೋಗುತ್ತೆ.

ಮಾಟುಂಗಾ_ಫಿಲ್ಟರ್ (11:08)

ಅರ್ಧ ಅರ್ಥ ಆಯ್ತು, ಆದ್ರೂ ಪತ್ತೇದಾರಿ ಕಥೆ ಓದಿದ ಹಾಗಾಯ್ತು. ನಾಳೆ ಬೆಳಿಗ್ಗೆ ಅಜ್ಜನ ಹೆಸರಲ್ಲಿ ಒಂದು ಕಾಫಿ ಕುಡೀತೀನಿ.

ವಾಸ್ಕೋ_ಸಿಮ್ (11:15)

ಗಾಳಿ ಅಂದಿದ್ದು ತಪ್ಪು, ಸರಿ. ಆದ್ರೆ ಹುಡುಗ "ಒಂದು ಚುಕ್ಕೆ" ಅಂದನಲ್ಲ. ಒಂದು ಚುಕ್ಕೆ ಅಂದ್ರೆ 5 ಡಿಗ್ರಿ. ಎರಡು ನಿಮಿಷದಲ್ಲಿ 5 ಡಿಗ್ರಿ ಜಾರೋಕೆ ಸಾಧ್ಯವೇ ಇಲ್ಲ.

ಕಲೀನಾ_ಸ್ಪ್ಯಾನರ್ (11:18)

2 ಡಿಗ್ರಿ.

ವಾಸ್ಕೋ_ಸಿಮ್ (11:19)

5.

ಕಲೀನಾ_ಸ್ಪ್ಯಾನರ್ (11:19)

ಮಾರಾಯಾ 2!

ಧಾರವಾಡದಾಕಿ_ಪುಣೆ (11:27)

ಇಬ್ಬರೂ ಸುಮ್ಮನಿರಿ. ವಿಓಆರ್‌ಗೆ ಕಡ್ಡಿ ಪೂರ್ತಿ ಒಂದು ಬದಿಗೆ ಹೋದ್ರೆ 10 ಡಿಗ್ರಿ. ನಿಮ್ಮ ಡಬ್ಬಿಯಲ್ಲಿ ಒಂದು ಬದಿಗೆ 5 ಚುಕ್ಕೆ ಇದ್ದರೆ ಒಂದಕ್ಕೆ 2 ಡಿಗ್ರಿ, 2 ಚುಕ್ಕೆ ಇದ್ದರೆ ಒಂದಕ್ಕೆ 5. ಲೋಕಲೈಸರ್‌ಗೆ ಅದೇ ಕಡ್ಡಿ ಪೂರ್ತಿ ಬದಿಗೆ ಹೋಗೋದು ಬರೀ ಎರಡೂವರೆ ಡಿಗ್ರಿಗೆ. ಜಿಪಿಎಸ್‌ಗೆ ಹಾಕಿದ್ರೆ ಡಿಗ್ರಿ ಅನ್ನೋ ಮಾತೇ ಇಲ್ಲ, ಮೈಲಿ ಲೆಕ್ಕ. ದೂರದ ದಾರಿಯಲ್ಲಿ ಈಗಿನ ಸೆಟ್‌ಗಳಲ್ಲಿ 2 ಮೈಲಿ, ಏರ್‌ಪೋರ್ಟ್ ಹತ್ರ ಬಂದಾಗ 1, ಅಪ್ರೋಚ್‌ನಲ್ಲಿ 0.3. ಕಡ್ಡಿ ನೋಡೋಕೆ ಮುಂಚೆ ಅದು ಯಾರ ಮಾತು ಕೇಳ್ತಿದೆ ಅಂತ ನೋಡಬೇಕು.

ಹುಡುಗನ ಲೆಕ್ಕವೂ ಸರಿ ಇದೆ. 60 ಮೈಲಿ ದೂರದಲ್ಲಿ 1 ಡಿಗ್ರಿ ಅಂದ್ರೆ 1 ಮೈಲಿ. 30 ಮೈಲಿಯಲ್ಲಿ 2 ಡಿಗ್ರಿಗೆ 1 ಮೈಲಿ. 20 ಡಿಗ್ರಿ ತಪ್ಪು ಮೂತಿಯಲ್ಲಿ ಎರಡು ನಿಮಿಷ ಹಾರಿದರೆ ಒಂದು ಮೈಲಿಗಿಂತ ಸ್ವಲ್ಪ ಜಾಸ್ತಿನೇ ಅಡ್ಡ ಸರಿದಿರ್ತಾನೆ. ತಮ್ಮಾ, ಸ್ಟೇಷನ್ ಎಷ್ಟು ದೂರ ಇತ್ತು?

ಡೊಂಬಿವಲಿ_ಹುಡುಗ (11:30)

ಡಿಎಂಇ (ಸ್ಟೇಷನ್ ಎಷ್ಟು ದೂರ ಅಂತ ಹೇಳೋದು) 33 ಮೈಲಿ ತೋರಿಸುತ್ತಿತ್ತು ಅಕ್ಕಾ. 5 ಚುಕ್ಕೆಯ ಡಬ್ಬಿ.

ಪೊವಾಯ್_ತರಂಗ (11:34)

ಅಲ್ಲಿಗೆ ಎಲ್ಲ ಕೂಡಿ ಬಂತು.

ಒಂದು ಸಣ್ಣ ಸೇರಿಕೆ. ಎಡಿಎಫ್ (ಸ್ಟೇಷನ್ ಕಡೆಗೆ ಮುಳ್ಳು ತೋರಿಸೋ ಹಳೇ ರೇಡಿಯೋ ಉಪಕರಣ) ಆಗಿದ್ರೆ ಕಥೆ ಬೇರೆ. ಅದರ ಮುಳ್ಳು ಸ್ಟೇಷನ್ ಮೂತಿಯಿಂದ ಎಷ್ಟು ಡಿಗ್ರಿ ಅಂತ ಹೇಳುತ್ತೆ. ತಟ್ಟೆ 20 ತಪ್ಪಿದ್ರೆ ಸ್ಟೇಷನ್‌ನ ದಿಕ್ಕೂ 20 ತಪ್ಪು. ವಿಓಆರ್‌ನಲ್ಲಿ ಮಾತ್ರ ಕಡ್ಡಿಗೂ ತಟ್ಟೆಗೂ ಜಗಳ ಬರುತ್ತೆ, ಆ ಜಗಳವೇ ಸುಳಿವು.

ಥಾಣೆ_ಜಿಪಿಎಸ್ (ಬೆಳಿಗ್ಗೆ 7:40)

ಇದೆಲ್ಲ ಯಾಕೆ? ಎರಡು ಟ್ಯಾಬ್ಲೆಟ್ ಇಟ್ಟುಕೊಂಡ್ರೆ ಆಯ್ತಪ್ಪ. ವಿಓಆರ್ ಮ್ಯೂಸಿಯಂ ಸಾಮಾನು.

ಧಾರವಾಡದಾಕಿ_ಪುಣೆ (7:58)

ಜಿಪಿಎಸ್ ಸಿಗ್ನಲ್ ಕೆಡಿಸೋರು ಇರೋ ಕಾಲ ಇದು ಅಣ್ಣಾ. ಮ್ಯಾಪ್ ಮೇಲೆ ವಿಮಾನ ಎಲ್ಲೆಲ್ಲೋ ಹಾರಿ ಕೂತಾಗ ಕೊನೆಗೆ ಉಳಿಯೋದು ಆ ಭಜನೆ ತಾಳವೇ. ಅದೂ ಅಲ್ಲದೆ ಐಎಲ್‌ಎಸ್ ಹಾರಿಸಬೇಕಾದಾಗ ಕಡ್ಡಿಯನ್ನ ಜಿಪಿಎಸ್‌ನಲ್ಲೇ ಬಿಟ್ಟು ಬಂದವರು ಎಷ್ಟು ಜನ ಬೇಕು? ಗಾಜಿನ ಪರದೆಯಲ್ಲಿ ಬಣ್ಣವೇ ಹೇಳುತ್ತೆ, ಜಿಪಿಎಸ್ ಆದ್ರೆ ನೇರಳೆ ಗುಲಾಬಿ, ರೇಡಿಯೋ ಆದ್ರೆ ಹಸಿರು. ಆದ್ರೂ ಮರೀತಾರೆ. ಒಂದು ಸಲ ನಾನೇ ಮರೆತಿದ್ದೆ, ಪುಣ್ಯಕ್ಕೆ ಸಿಮ್ಯುಲೇಟರ್‌ನಲ್ಲಿ.

ಕಲೀನಾ_ಸ್ಪ್ಯಾನರ್ (8:10)

ಉಪಕರಣಕ್ಕಿಂತ ಕಣ್ಣನ್ನ ಜಾಸ್ತಿ ನಂಬಿದ್ರೂ ಕಷ್ಟ. ಜುಹು ಕಥೆ ಗೊತ್ತಲ್ಲ? 1972ರ ಸೆಪ್ಟೆಂಬರ್ 24ಕ್ಕೆ ಜಪಾನ್ ಏರ್‌ಲೈನ್ಸ್‌ನ ಡಿಸಿ-8 ಸಾಂತಾಕ್ರೂಜ್ ಅಂತ ಜುಹುನಲ್ಲಿ ಇಳಿದುಬಿಟ್ಟಿತ್ತು. ಅಷ್ಟು ದೊಡ್ಡ ಜೆಟ್‌ಗೆ ಆ ರನ್‌ವೇ ಎಲ್ಲಿ ಸಾಲುತ್ತೆ, ಮುಂದಕ್ಕೆ ನುಗ್ಗಿ ನಿಂತಿತು. ಯಾರೂ ಸಾಯಲಿಲ್ಲ, ವಿಮಾನ ಮಾತ್ರ ಗುಜರಿ. ಎರಡು ಕಡೆಯೂ ಪೂರ್ವ ಪಶ್ಚಿಮ ರನ್‌ವೇ, ಅಕ್ಕಪಕ್ಕದ ಊರು.

ಲೋಹಗಾಂವ್_ಅಜ್ಜ (8:22)

ಅದಕ್ಕೂ ಮುಂಚೆ 1953ರಲ್ಲಿ ಬ್ರಿಟಿಷ್ ಕಂಪನಿ ಬಿಓಎಸಿಯ ಕಾಮೆಟ್ ಜೆಟ್ ಕೂಡ ಹೀಗೇ ಜುಹುನಲ್ಲಿ ಇಳಿದಿತ್ತು. ಅದನ್ನ ಮಾತ್ರ ಕೆಲವು ದಿನ ಬಿಟ್ಟು ಹಾರಿಸಿಕೊಂಡು ಹೋದರು.

ಮಾಟುಂಗಾ_ಫಿಲ್ಟರ್ (8:25)

ನಾನೂ ದಾದರ್ ಅಂತ ಪರೇಲ್‌ನಲ್ಲಿ ಇಳಿದಿದ್ದೇನೆ. ಯಾರೂ ಇತಿಹಾಸದಲ್ಲಿ ಬರೆಯಲಿಲ್ಲ.

ನಿರ್ವಾಹಕ (8:40)

ಲೋಕಲ್ ಟ್ರೇನ್ ಕಥೆಗೆ ಬೇರೆ ಚರ್ಚೆ ಇದೆ, ದಯವಿಟ್ಟು ಅಲ್ಲಿ ಬರೆಯಿರಿ.

ಕಲೀನಾ_ಸ್ಪ್ಯಾನರ್ (8:52)

ವಿಷಯಕ್ಕೇ ಬರ್ತೀನಿ. ಸ್ಲೇವ್‌ನಲ್ಲಿದ್ರೂ ಕಣ್ಣು ಮುಚ್ಚಿ ನಂಬಬೇಡಿ. ಒಂದು ಸಲ ನಮ್ಮ ಹ್ಯಾಂಗರ್‌ಗೆ ಸಣ್ಣ ವಿಮಾನ ಬಂತು, ತಟ್ಟೆ ಎಷ್ಟು ಸೆಟ್ ಮಾಡಿದರೂ ಕೆಲವು ದಿಕ್ಕಲ್ಲಿ 7, 8 ಡಿಗ್ರಿ ತಪ್ಪು. ಜೈರೋ ಬದಲಾಯಿಸಿದ್ವಿ, ವೈರ್ ನೋಡಿದ್ವಿ, ಏನೂ ಇಲ್ಲ. ಕೊನೆಗೆ ರೆಕ್ಕೆಯ ತುದಿಯ ಮುಚ್ಚಳ ತೆಗೆದೆ. ಫ್ಲಕ್ಸ್ ವಾಲ್ವ್ ಪಕ್ಕದಲ್ಲಿ ಇರಬೇಕಾದ್ದು ಕಾಂತ ಹಿಡಿಯದ ಸ್ಕ್ರೂ. ಯಾರೋ ಒಬ್ಬ ಕಳೆದುಹೋಯ್ತು ಅಂತ ಮಾಮೂಲಿ ಉಕ್ಕಿನ ಸ್ಕ್ರೂ ಹಾಕಿದ್ದ. ಕಡಲೆಕಾಳಿನಷ್ಟಿತ್ತು. ಅದನ್ನ ತೆಗೆದು ಕಂಪಾಸ್ ಸ್ವಿಂಗ್ (ಒಂದೊಂದು ದಿಕ್ಕಿಗೂ ತಿರುಗಿಸಿ ತಪ್ಪು ಅಳೆದು ತಿದ್ದೋದು) ಮಾಡಿದ್ವಿ, ತಟ್ಟೆ ತೆಪ್ಪಗೆ ಕೂತಿತು.

ಲೋಹಗಾಂವ್_ಅಜ್ಜ (9:03)

ಬಿಸಿಲಲ್ಲಿ ವಿಮಾನವನ್ನ ಒಂದೊಂದೇ ದಿಕ್ಕಿಗೆ ತಳ್ಳಿ ತಳ್ಳಿ ಸ್ವಿಂಗ್ ಮಾಡಿದವನಿಗೇ ಗೊತ್ತು ಆ ಸ್ಕ್ರೂ ಬೆಲೆ.

ಮಗಾ, ಹೋಲಿಸುವಾಗ ಒಂದು ನೆನಪಿಡು. ನೀರು ಕಂಪಾಸ್ ತಿರುವಿನಲ್ಲಿ, ವೇಗ ಏರಿಸುವಾಗ ಇಳಿಸುವಾಗ ತೂರಾಡುತ್ತೆ. ರೆಕ್ಕೆ ಮಟ್ಟಸ, ವೇಗ ಒಂದೇ ಸಮ ಇರುವಾಗ ಮಾತ್ರ ಓದು. 15 ನಿಮಿಷಕ್ಕೊಮ್ಮೆ, ಸ್ಲೇವ್ ಇದ್ರೂ. ಆಮೇಲೆ ಮೊಬೈಲನ್ನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡ, ಕಂಪಾಸ್ ಅದನ್ನೇ ಉತ್ತರ ಅಂದುಕೊಳ್ಳುತ್ತೆ.

ಡೊಂಬಿವಲಿ_ಹುಡುಗ (ಐದು ದಿನದ ನಂತರ, ಸಂಜೆ 6:47)

ವಾಪಸ್ ಬಂದೆ, ಇವತ್ತು ಅದೇ ವಿಮಾನ ಸಿಕ್ಕಿತು.

ಎಂಜಿನ್ ಶುರು ಮಾಡೋಕೆ ಮುಂಚೆ ಆ ಸ್ವಿಚ್ ನೋಡಿದೆ. ಅಕ್ಷರ ಪೂರ್ತಿ ಅಳಿಸಿಹೋಗಿದೆ, ಸ್ಲೇವ್ ಯಾವುದು ಫ್ರೀ ಯಾವುದು ಅಂತ ಬೆರಳಿಗೆ ಮಾತ್ರ ಗೊತ್ತಾಗುತ್ತೆ. ಮೇಲೆ ಹೋದ ಮೇಲೆ ಸರ್‌ಗೆ ಹೇಳಿ ಬೇಕಂತಲೇ ಫ್ರೀನಲ್ಲಿ ಹಾಕಿ ನೋಡಿದ್ವಿ. ಸ್ಟೀಪ್ ಟರ್ನ್ ಇಲ್ಲದೆ 40 ನಿಮಿಷಕ್ಕೆ 7 ಡಿಗ್ರಿ. ಭೂಮಿಯ ಪಾಲು ಅದರಲ್ಲಿ ಮೂರೂಚಿಲ್ಲರೆ ಅಲ್ವಾ ಅಜ್ಜಾ, ಬಾಕಿ ಬೇರಿಂಗ್‌ನದು.

ಆಮೇಲೆ ಸ್ಲೇವ್ ಹಾಕಿ 045 ಮತ್ತೆ ಹಾರಿದೆ. ನನಗೆ ಬೇಕಾದ ತಿದ್ದುಪಡಿ 4 ಡಿಗ್ರಿ. ನಿಜವಾದ ಗಾಳಿ ಅಷ್ಟೇ ಇತ್ತು. ಸರ್ ಏನೂ ಅನ್ನಲಿಲ್ಲ, ಥರ್ಮೋಸ್‌ನಿಂದ ಚಹಾ ಸುರಿದು ಕೊಟ್ಟರು.

ಲೋಹಗಾಂವ್_ಅಜ್ಜ (7:02)

ಸ್ನ್ಯಾಗ್ ಬರೆದೆಯಾ?

ಡೊಂಬಿವಲಿ_ಹುಡುಗ (7:04)

ಬರೆದೆ ಅಜ್ಜಾ. ಎರಡು ಸಾಲು. ಮೊದಲನೇದು ಜೈರೋ ಜಾರುತ್ತಿದೆ ಅಂತ, ಎರಡನೇದು ಸ್ವಿಚ್ ಮೇಲೆ ಅಕ್ಷರ ಇಲ್ಲ ಅಂತ. ನೀಬೋರ್ಡನ್ನ ಬಲಗಾಲಿಗೆ ಕಟ್ಟಿಕೊಂಡಿದ್ದೇನೆ. ಬರೆಯೋಕೆ ಅನುಕೂಲ ಇಲ್ಲ, ಅಭ್ಯಾಸ ಆಗಬೇಕು.

ವಾಸ್ಕೋ_ಸಿಮ್ (7:15)

ನನ್ನ ಸಿಮ್‌ನಲ್ಲೂ ಜೈರೋ ಡ್ರಿಫ್ಟ್ ಅಂತ ಒಂದು ಆಯ್ಕೆ ಇದೆ. ಇಷ್ಟು ವರ್ಷ ಆಫ್ ಮಾಡಿಟ್ಟಿದ್ದೆ. ನಿನ್ನೆ ಆನ್ ಮಾಡಿ ದಾಬೋಲಿಂಗೆ ಬಂದೆ, ಸೀದಾ ಸಮುದ್ರದ ಕಡೆಗೆ ಹೋಗಿದ್ದೆ.